ಹೊಟ್ಟಿನ ಸೌದೆಯ ಕೆಂಡ

ಬಸವೇಶ್ವರನಗರ
೧೯ ಜನವರಿ ೨೦೨೫

ಚಿ. ಸೌ. ಜಗದಾಂಬಾಗೆ ನಿನ್ನಕ್ಕನ ಆಶೀರ್ವಾದಗಳು.

ಸಂಕ್ರಾಂತಿಗೆ ಮುಂಚೆಯೇ ಬರೆಯಬೇಕಿದ್ದ ಕಾಗದ ಇದು. ತಡವಾಯಿತು, ಬೈದುಕೊಳ್ಳಬೇಡ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮೂರು ಸಲ ಮಾಡಿದೆ. ಮೂರು ಸಲವೂ ಎಳ್ಳುಬೆಲ್ಲದ ಮಾತಾಡಿ ಇಟ್ಟುಬಿಟ್ಟೆ. ನಿನ್ನ ಮಗಳು ಸ್ಮೃತಿಗೂ ದಿನ ತುಂಬುತ್ತಿದೆ. ನೀನು ಅವಳ ಬಾಣಂತನಕ್ಕೆ ಸೆರಗು ಕಟ್ಟುವ ಮೊದಲು ಇದು ನಿನಗೆ ತಿಳಿಯಲೇಬೇಕು.

ಈ ಸಲದ ಚಳಿ ನಿನಗೂ ಗೊತ್ತಲ್ಲ. ಬಾಣಂತಿಯಾದ ನಮ್ಮ ದೀಪ್ತಿಗೆ ಗೀಸರ್ ನೀರು ಯಾತಕ್ಕೂ ಸಾಲದೆಂದು ಹಿತ್ತಲ ಹಂಡೆಗೆ ಮತ್ತೆ ಒಲೆ ಹಚ್ಚಿದೆ. ಮಾರೇನಹಳ್ಳಿಯ ಡಿಪೋದ ಅಂಜಿನಯ್ಯ ಸೌದೆಯ ಬದಲು ಲಟ್ಟಣಿಗೆಗಿಂತ ದಪ್ಪನೆಯ, ದುಂಡನೆಯ ತುಂಡುಗಳನ್ನು ತಂದುಹಾಕಿದ. "ಮರದ ಹೊಟ್ಟನ್ನ ಮಿಷಿನ್‌ನಲ್ಲಿ ಒತ್ತಿರೋದು ಆಂಟಿ. ಒಂದ್ಸಲ ಹಚ್ಚಿ ನೋಡಿ, ಆಮೇಲೆ ನೀವೇ ಕೇಳ್ಕೊಂಡು ಬರ್ತೀರ" ಅಂದ.

ಹಚ್ಚಿದ ಮೇಲೆ ಬಾಯಿ ಬಿಟ್ಟುಕೊಂಡು ನಿಂತೆ ಕಣೇ. ಗಾಳಿಗೆ ಹಾರಿಹೋಗುವ ಹೊಟ್ಟು, ಕಲ್ಲಿನಷ್ಟು ಗಟ್ಟಿ! ಹೊಗೆಯೇ ಇಲ್ಲ! ಊದುಕೊಳವೆ ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಳ್ಳುತ್ತಿದ್ದ ನಮ್ಮಮ್ಮ ನೋಡಿದ್ದರೆ ಒಲೆಗೇ ಕೈಮುಗಿಯುತ್ತಿದ್ದಳು. ನೀರು ಕುದಿದು ಬಹಳ ಹೊತ್ತಾದರೂ ತುಂಡು ಆಕಾರ ಕೆಡದೆ ನಿಗಿನಿಗಿ ಅನ್ನುತ್ತಿತ್ತು. ನಿಮ್ಮ ಭಾವನನ್ನು ಕರೆದು ತೋರಿಸಿದೆ. "ಹೊಟ್ಟು ಉರಿಯೋದನ್ನ ನೋಡೋಕೆ ಪೇಪರ್ ಬಿಟ್ಟು ಬರಬೇಕಾ?" ಅಂದವರು ಅರ್ಧ ಗಂಟೆ ಅಲ್ಲೇ ಕೂತರು.

ಎರಡು ವಾರದ ಹಿಂದಿನ ಭಾನುವಾರ ಬೆಳಿಗ್ಗೆ ನಾನು ತಪ್ಪು ಮಾಡಿದೆ. ಅಷ್ಟು ಒಳ್ಳೆಯ ಕೆಂಡ ದಂಡವಾಗಬಾರದೆಂದು ಬಾಂಡ್ಲಿಗೆ ತುಂಬಿ ಬಾಣಂತಿ ಕೋಣೆಯಲ್ಲಿ ತಂದಿಟ್ಟೆ, ಅಮ್ಮ ನಮಗೆ ಅಗ್ಗಿಷ್ಟಿಕೆ ಇಡುತ್ತಿದ್ದ ಹಾಗೆ. ಅಮ್ಮನ ಮನೆಯಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಇಲ್ಲಿ ಗಾಜಿನ ಕಿಟಕಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಅದನ್ನು ಮುಚ್ಚಿ, ಬಾಗಿಲ ಸಂದಿಗೂ ಹಳೇ ಸೀರೆ ತುರುಕಿದೆ. ಹೊಗೆಯಿಲ್ಲದ ಮೇಲೆ ಭಯವೇನು ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಒಳಗೆ ಮಗು ಅಳತೊಡಗಿತು. "ಅಳಲಿ ಬಿಡಿ, ಎದೆ ಗಟ್ಟಿಯಾಗುತ್ತೆ" ಎಂದು ಅಳಿಯಂದಿರಿಗೆ ನಾನೇ ಹೇಳಿದೆ. ಶ್ರೀರಾಮ್ ಕೇಳಲಿಲ್ಲ. "ಇದು ಹಸಿವಿನ ಅಳು ಅಲ್ಲ ಅತ್ತೆ" ಎಂದು ಬಾಗಿಲು ತಳ್ಳಿದರು. ದೀಪ್ತಿ ಮಗುವಿನ ಪಕ್ಕದಲ್ಲೇ ಇದ್ದಳು, ಅವಳಿಗೆ ಎಚ್ಚರವಿರಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಮೂರು ದಿನ ಇಟ್ಟುಕೊಂಡರು. ದೇವರ ದಯೆ, ಇಬ್ಬರೂ ಉಳಿದರು. "ಹೊಗೆ ಇದ್ದಿದ್ರೆ ಕೆಮ್ಮಾದ್ರೂ ಬರ್ತಿತ್ತಮ್ಮ. ಕೆಂಡದಿಂದ ಬರೋ ಈ ವಿಷಕ್ಕೆ ಬಣ್ಣನೂ ಇಲ್ಲ, ವಾಸನೆನೂ ಇಲ್ಲ" ಅಂದರು ಡಾಕ್ಟರು. ಐವತ್ತು ವರ್ಷ ಒಲೆಯ ಮುಂದೆ ಕೂತವಳು ನಾನು. ಬೆಂಕಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ ಅನ್ನಿಸಿತು.

ಅದಕ್ಕಿಂತ ಬೆರಗು ಆ ಮಗು, ಜಗದಾ. ಆಗ ಹದಿನೆಂಟು ದಿನದ ಕೂಸು, ಇನ್ನೂ ಕತ್ತು ನಿಲ್ಲುವುದಿಲ್ಲ. ಅದು ಕೂಗಿ ಕೂಗಿ ತನ್ನ ತಾಯಿಯನ್ನು ಉಳಿಸಿಕೊಂಡಿತು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೀನೂ ಹಂಡೆಗೆ ಆ ಸೌದೆಯನ್ನೇ ತರಿಸು, ಬೇಡ ಅನ್ನುವುದಿಲ್ಲ. ಕೆಂಡವನ್ನು ಮಾತ್ರ ಹೊಸ್ತಿಲು ದಾಟಿಸಬೇಡ. ಸ್ಮೃತಿಗೆ ಸುಖಪ್ರಸವವಾಗಲಿ, ನಿನ್ನ ಮಡಿಲು ಮೊಮ್ಮಗುವಿನಿಂದ ತುಂಬಲಿ.

ನಿನ್ನ ಅಕ್ಕ,
ಅನಂತಲಕ್ಷ್ಮಿ

ತಾ.ಕ.: ಯಾರೂ ನನ್ನನ್ನು ಬೈಯಲಿಲ್ಲ. ದೀಪ್ತಿಯಂತೂ "ಬಿಡಮ್ಮ, ಬೇಕು ಅಂತ ಮಾಡಿದ್ಯಾ?" ಅಂದಳು. ಮಗುವಿಗೆ ನೀರು ಹಾಕುವುದು ಈಗ ಶ್ರೀರಾಮ್, ರಜೆ ಹಾಕಿ ಇಲ್ಲೇ ಇದ್ದಾರೆ. ನಿನ್ನೆ ಅವರು ಅಂಗಡಿಗೆ ಹೋಗಿದ್ದಾಗ, ದೀಪ್ತಿ ಬಚ್ಚಲಲ್ಲಿದ್ದಾಗ, ಮಗು ಅತ್ತಿತು. ಹದಿಮೂರು ದಿನದ ಮೇಲೆ ಮೊದಲ ಸಲ ಎತ್ತಿಕೊಂಡೆ. ನನ್ನ ಹೆಗಲ ಮೇಲೆ ಸುಮ್ಮನಾಯಿತು. ದೀಪ್ತಿ ಒದ್ದೆ ತಲೆಯಲ್ಲೇ ಓಡಿಬಂದು ನನ್ನ ಕೈಯಿಂದ ಮಗುವನ್ನು ತೆಗೆದುಕೊಂಡಳು. "ಅಳ್ತಾ ಇತ್ತು ಕಣೇ, ಅದಕ್ಕೆ ಎತ್ಕೊಂಡೆ" ಅಂದೆ. "ಅಳೋದು ಕೇಳಿಸ್ತಿತ್ತಮ್ಮ. ನಿಂತುಹೋಯ್ತಲ್ಲ, ಅದಕ್ಕೇ ಬಂದೆ" ಅಂದಳು.