ಹಿಂದಿನ ಸೀಟಿನ ಗಂಟು

ಮಾರ್ಚ್ 3, ಸಂಜೆ

ಇವತ್ತೂ ಇಪ್ಪತ್ತು ಟ್ರಾಲಿ ಬೆಡ್‌ಶೀಟು. ಹೋಟೆಲಿನ ಲಾಂಡ್ರಿ ತುಂಬ ಹಬೆ. ಇಸ್ತ್ರಿ ಮಾಡುವ ಬಿಸಿ ರೋಲರಿನಿಂದ ಬಿಳಿ ಬಟ್ಟೆ ಬರುತ್ತಲೇ ಇರುತ್ತದೆ, ನೋಡುತ್ತಿದ್ದರೆ ನಿಂತಲ್ಲೇ ತೇಲಿದ ಹಾಗೆ. ಮನೆಗೆ ಬಂದರೆ ಅಕ್ಕನ ಮಗಳು, ನಮ್ಮ ಇರುವೆ, ಕಿಟಕಿಯಲ್ಲಿ. ಬೆಳಿಗ್ಗೆ ಕೂತಲ್ಲೇ. ನೋಡಿಕೊಳ್ಳುವ ಪಕ್ಕದ ಮನೆ ಅಜ್ಜಿ ತಲೆ ಅಲ್ಲಾಡಿಸಿದರು. ಇವತ್ತೂ ಮಾತಿಲ್ಲ.

ಇರುವೆ ಅಂತ ಕರೆದಿದ್ದು ಅಕ್ಕ. ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಓಡಾಡುತ್ತಾಳೆ ಅಂತ. ಅಕ್ಕ ತೀರಿಹೋಗಿ ಎರಡು ತಿಂಗಳು. ಅವತ್ತಿನಿಂದ ಮಗು ಬಾಯಿ ತೆರೆದಿಲ್ಲ, ಏನನ್ನೂ ಹೊತ್ತಿಲ್ಲ. ಮೂರು ವರ್ಷ ಅಷ್ಟೇ. ಭಾವ ಹಡಗಿನಲ್ಲಿ, ವರ್ಷಕ್ಕೊಮ್ಮೆ ದಡ. ಭಾವನ ಅಕ್ಕ ಫೋನ್ ಮಾಡಿದ್ದರು.

"ನೋಡಪ್ಪಾ, ನೀನೋ ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದೋನು. ಮಗೂಗೆ ಮಾತು ಎಲ್ಲಿಂದ ಬರ್ಬೇಕು? ತಿಂಗಳ ಕೊನೇಲಿ ಬರ್ತೀನಿ. ಹಿಂಗೇ ಇದ್ರೆ ನಾನೇ ಕರ್ಕೊಂಡ್ ಹೋಗ್ತೀನಿ."

ಹ್ಞೂಂ ಅಂದೆ. ಬೇಡ ಅನ್ನಬೇಕಿತ್ತು.

ಮಾರ್ಚ್ 5

ಶಿಶುವಿಹಾರದಲ್ಲಿ ಜಾಗ ಸಿಕ್ಕಿದೆ. ಬೇರೆ ಮಕ್ಕಳ ಜೊತೆ ಇದ್ದರೆ ಮಾತು ಬರಬಹುದು ಅಂತ ಡಾಕ್ಟರಮ್ಮ. ನಡೆದರೆ ಮುಕ್ಕಾಲು ಗಂಟೆ. ಸೈಕಲ್ಲಿಗೆ ಮಗುವಿನ ಸೀಟು ಬೇಕು.

ಮಾರ್ಚ್ 8, ಮಧ್ಯಾಹ್ನ

ಸೈಕಲ್ ಅಂಗಡಿ. ಬಾಗಿಲವರೆಗೆ ಮೂರು ಸಲ ಹೋಗಿ ವಾಪಸ್ ಬಂದೆ. ನಾಲ್ಕನೇ ಸಲ ಅಂಗಡಿಯಮ್ಮನೇ ಕೂಗಿದರು.

"ಬಾಗ್ಲು ಕಾಯೋಕ್ ಬಂದಿದೀಯೇನಪ್ಪಾ? ಸಂಬಳ ಕೊಡಲ್ಲ ನಾನು."

ಮುಂದೆ ಹಾಕುವ ಸೀಟು ತೋರಿಸಿ ಅಂದೆ. ಕಣ್ಣೆದುರಿಗಿರಲಿ ಅಂತ.

"ತೂಕ ಎಷ್ಟು?"

"ಹದಿಮೂರೂವರೆ ಕಿಲೋ."

"ಇನ್ನೆರಡು ತಿಂಗ್ಳಿಗೆ ಅವಳ ಮಂಡಿ ಹ್ಯಾಂಡಲ್ಲಿಗೆ ಬಡಿಯುತ್ತೆ. ಹಿಂದೆ ಕೂರ್ಸು."

"ಹಿಂದೆ ಆದ್ರೆ... ಕಾಣಲ್ಲ."

"ನೀನು ರೋಡ್ ನೋಡು ಮಾರಾಯಾ. ಅವಳು ನಿನ್ ಬೆನ್ನು ನೋಡ್ತಾಳೆ."

ಅದರಲ್ಲೂ ಎರಡು ಥರ. ಒಂದು ಕ್ಯಾರಿಯರ್ ಮೇಲೆ ಗಟ್ಟಿಯಾಗಿ ಕೂರುವುದು. ಇನ್ನೊಂದನ್ನು ನನ್ನ ಸೀಟಿನ ಕೆಳಗಿನ ಕಂಬಿಗೆ ಬಿಗಿಯುವುದು. ಎರಡು ಉಕ್ಕಿನ ಸರಳುಗಳ ಮೇಲೆ ತೂಗುತ್ತಿರುತ್ತದೆ. ಗುಂಡಿ ಬಂದರೆ ಸರಳೇ ಬಾಗಿ ಏಟು ನುಂಗಿಕೊಳ್ಳುತ್ತದಂತೆ. ಕೈಯಿಂದ ಒತ್ತಿ ನೋಡಿದೆ. ತೊಟ್ಟಿಲಿನ ಹಾಗೆ ಮೇಲೆ, ಕೆಳಗೆ... ಒತ್ತುತ್ತಲೇ ಇದ್ದೆ. ಅಂಗಡಿಯಮ್ಮ ಕೆಮ್ಮಿದರು.

ಅದನ್ನೇ ತಂದೆ.

ಮಾರ್ಚ್ 9

ಬಿಗಿದಾಯಿತು. ಭುಜಕ್ಕೆ, ಸೊಂಟಕ್ಕೆ, ಕಾಲ ನಡುವೆ ಬೆಲ್ಟು. ಪಾದಕ್ಕೂ ಪಟ್ಟಿ, ಚಕ್ರಕ್ಕೆ ಸಿಗಬಾರದಲ್ಲ. ನನ್ನ ಸೀಟಿನ ಸ್ಪ್ರಿಂಗಿಗೆ ಹಳೆ ಟವೆಲ್ ಸುತ್ತಿದೆ, ಬೆರಳು ಸಿಕ್ಕೀತು ಅಂತ. ಇರುವೆ ಬಾಗಿಲಲ್ಲಿ ನಿಂತು ನೋಡಿದಳು. ಹತ್ತುತ್ತೀಯಾ ಅಂತ ಕೇಳಬೇಕಿತ್ತು. ಅವಳು ನೆಲ ನೋಡಿದಳು. ನಾನೂ ನೆಲ ನೋಡಿದೆ.

ಮಾರ್ಚ್ 14

ಮೊದಲು ನನಗೆ ಅಭ್ಯಾಸ ಆಗಲಿ. ಲಾಂಡ್ರಿಯ ತಕ್ಕಡಿಯಲ್ಲಿ ಹರಿದ ಬೆಡ್‌ಶೀಟು ತೂಗಿ ಗಂಟು ಕಟ್ಟಿದೆ. ಸರಿಯಾಗಿ ಹದಿಮೂರೂವರೆ. ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿ, ಮೇಲೆ ಇರುವೆಗೆ ತಂದ ಹೆಲ್ಮೆಟ್. ತಿರುವಿನಲ್ಲಿ ಸೈಕಲ್ ವಾಲಿತು. "ಹೆದರ್ಬೇಡ, ನಾನಿದೀನಿ" ಅಂದೆ.

ಯಾರಿಗೆ ಅಂದೆ?

ಮಾರ್ಚ್ 19, ಸಂಜೆ

ದಿನಾ ಗಂಟಿನ ಜೊತೆ ಬೀದಿಯಲ್ಲಿ ಸುತ್ತು. ಬೆನ್ನ ಹಿಂದೆ ಇರುವವರ ಹತ್ತಿರ ಮಾತು ಇಷ್ಟು ಸಲೀಸು ಅಂತ ಗೊತ್ತೇ ಇರಲಿಲ್ಲ. ಮುಖ ನೋಡುವ ಹಾಗಿಲ್ಲ, ನಾಚಿಕೆ ಇಲ್ಲ. ಇವತ್ತು ಅಕ್ಕನ ಸುದ್ದಿ ಹೇಳಿದೆ. ನನ್ನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಇಳಿಜಾರಿನಲ್ಲಿ ಪೆಡಲ್ ನಿಲ್ಲಿಸಿ ಹಾಡುತ್ತಿದ್ದಳು. ಅವಳ ಬೆನ್ನಿಗೆ ಕೆನ್ನೆ ಇಟ್ಟರೆ ಹಾಡು ಕಿವಿಗಲ್ಲ, ಮೂಳೆಗೇ ಕೇಳುತ್ತಿತ್ತು. ಗಾಳಿಯೆಲ್ಲ ಹಾಡಾದ ಹಾಗೆ...

ಗಟ್ಟಿಯಾಗಿಯೇ ಹೇಳಿದೆನೇನೋ. ನಮ್ಮ ಮನೆ ಕಿಟಕಿಯ ಪರದೆ ಅಲ್ಲಾಡಿತು.

ಮಾರ್ಚ್ 22

ಗಂಟು ಕೂರಿಸಿ ಹೊರಟಿದ್ದೆ. ಇರುವೆ ಮೆಟ್ಟಿಲಿಳಿದು ಬಂದು ಚಕ್ರದ ಮುಂದೆ ನಿಂತಳು. ಬೆರಳು ಗಂಟಿನ ಕಡೆ.

"ಇಳ್ಸು ಅದನ್ನ."

ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದೆ.

"ಮಾವಾ. ಇಳ್ಸು. ನನ್ ಸೀಟು ಅದು."

ಒಂದೊಂದೇ ಬೆಲ್ಟು ಬಿಚ್ಚಿದೆ. ಅಷ್ಟೂ ಹೊತ್ತು ಗಂಟನ್ನು ದುರುಗುಟ್ಟಿ ನೋಡಿದಳು. ಹೆಲ್ಮೆಟ್ ಕಿತ್ತುಕೊಂಡಳು.

ಇಳಿಜಾರು. ಬೆಲ್ಟು ಹಾಕಿ ಕೂತವಳಿಗೆ ನನ್ನ ಬೆನ್ನು ಕೆನ್ನೆಗೆ ಎಟುಕದು, ಕೈಗೆ ಮಾತ್ರ. ಅಂಗೈಯನ್ನು ನನ್ನ ಬೆನ್ನಿಗೆ ಒತ್ತಿದಳು.

"ಅಮ್ಮಂದು ಹೇಳು."

"ಯಾವ್ದು?"

"ಗಂಟಿಗೆ ಹೇಳಿದ್ಯಲ್ಲ, ಅದು."

ಹೇಳಿದೆ. ಹಾಡಲು ಬಾರದಿದ್ದರೂ ಹಾಡಿದೆ.

ಮಾರ್ಚ್ 31

ಬೆಳಿಗ್ಗೆ ಶಿಶುವಿಹಾರಕ್ಕೆ ಹೊರಟಿದ್ದೆವು. ಗೇಟಿನಲ್ಲಿ ಭಾವನ ಅಕ್ಕ. ಕೈಯಲ್ಲಿ ಖಾಲಿ ಚೀಲ, ಮಗುವಿನ ಬಟ್ಟೆ ತುಂಬಲು.

"ಏನಪ್ಪಾ, ಬಾಯಿ ಬಿಟ್ಲಾ?"

ಹೇಳಬೇಕು. ಅವರ ಮುಖ ನೋಡಿದೆ, ಸೈಕಲ್ ಬೆಲ್ಲಿನ ಧೂಳು ಒರೆಸತೊಡಗಿದೆ. ಆಗ ಬೆನ್ನ ಹಿಂದಿನಿಂದ —

"ಅತ್ತೆ, ಜರುಗು. ನಮ್ಗೆ ಲೇಟಾಗತ್ತೆ."

ಅವರು ಗೋಡೆಗೆ ಒತ್ತಿಕೊಂಡು ನಿಂತರು. ಬಾಯಿ ಮೇಲೆ ಕೈ.

"ಅಯ್ಯೋ, ಬಾಯಿ ನೋಡು ಇದರದ್ದು! ಥೇಟ್ ಅವಳಮ್ಮನೇ." ಕಣ್ಣೊರೆಸಿಕೊಂಡರು. ಚೀಲ ಮಡಚಿದರು. "ಹೋಗಿ, ಹೋಗಿ. ಸಂಜೆ ಬಸ್ಸಿಗೆ ನಾನೊಬ್ಳೇ ಹೋಗ್ತೀನಿ."

ಸಂಜೆ

ಅವರನ್ನು ಬಸ್ ಹತ್ತಿಸಿ ಬಂದೆವು. ಇರುವೆ ಇನ್ನೂ ಹೆಲ್ಮೆಟ್ ತೆಗೆದಿಲ್ಲ. ಒಳಗೆ ಏನೋ ಸರಸರ... ಗಂಟನ್ನು ತಬ್ಬಿಕೊಂಡು ಎಳೆದು ತರುತ್ತಿದ್ದಾಳೆ, ತನ್ನಷ್ಟೇ ತೂಕದ್ದು, ಮುಖ ಕೆಂಪು. ಅದಕ್ಕೂ ಒಂದು ಸುತ್ತು ಬೇಕಂತೆ. ಎಲ್ಲಿ ಕೂರಿಸಲಿ ಅಂದರೆ, ನೀನು ಸೈಕಲ್ಲಿಂದ ಇಳಿ ಮಾವಾ, ನಾನೇ ಓಡಿಸ್ತೀನಿ ಅಂತಾಳೆ.