ಹೊಸಿಲಿಗೆ ಅರಿಶಿನ ಹಚ್ಚಿದ ನಾಲ್ವರು, ಆರೋಪಿ ಒಬ್ಬಳು

ಕೋಟೆ ಕಾಯುವ ಕಚೇರಿಯ ಮೇಲಧಿಕಾರಿಗಳಿಗೆ,

ಮಾನ್ಯರೇ, ನೀವು ಪೊಲೀಸ್ ಠಾಣೆಗೆ ಬರೆದುಕೊಟ್ಟ ಒಂದು ದೂರಿನಿಂದ ಹರವೆಯ ಪುಟ್ಟಮಾದಮ್ಮ ಎಂಬ ಅಡುಗೆಯವಳ ಕೆಲಸ ಕೈತಪ್ಪುವ ಹಂತಕ್ಕೆ ಬಂದಿದೆ. ಅವಳು ನಿಮ್ಮ ಕೋಟೆಯ ಹೆಬ್ಬಾಗಿಲಿಗೆ "ಕೆಂಪು ಬಣ್ಣ ಬಳಿದು ಸ್ಮಾರಕವನ್ನು ವಿರೂಪಗೊಳಿಸಿದ್ದಾಳೆ" ಎಂದು ಬರೆದಿದ್ದೀರಿ. ಅದು ಬಣ್ಣವಲ್ಲ, ಅರಿಶಿನ. ಕೆಂಪಾದದ್ದು ನಮ್ಮಿಂದಲ್ಲ, ನಿಮ್ಮಿಂದ. ಇದನ್ನು ಮುಖತಃ ಹೇಳೋಣವೆಂದು ನಿಮ್ಮ ಕಚೇರಿಗೆ ಎರಡು ಸಲ ಬಂದೆ. ಒಂದು ಸಲ ನೀವು ಮೀಟಿಂಗಿನಲ್ಲಿದ್ದಿರಿ, ಇನ್ನೊಂದು ಸಲ ಮೀಟಿಂಗಿಗೆ ಹೋಗಿದ್ದಿರಿ. ಪತ್ರಿಕೆಯನ್ನಾದರೂ ಓದುತ್ತೀರೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಕೋಟೆಯೂರಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ಊರಿನ ಜನ ನಮಗೆ ಮಜ್ಜಿಗೆ ಕೊಟ್ಟವರು, ನಿಮ್ಮ ಮೇಲಿನ ಸಿಟ್ಟಿಗೆ ಅವರ ಊರಿನ ಹೆಸರು ಕೆಡುವುದು ಬೇಡ. ನಮ್ಮ ವಿಷಯ ಹೇಳುತ್ತೇನೆ. ನಾವು ನಾಲ್ವರು ಹರವೆಯಿಂದ ಚಾಮರಾಜನಗರಕ್ಕೆ ಬೆಳಗಿನ ಒಂದೇ ಬಸ್ಸಿಗೆ ಕೆಲಸಕ್ಕೆ ಬರುವ ಹೆಂಗಸರು. ನಾನು ಒಂದು ಖಾಸಗಿ ಶಾಲೆಯಲ್ಲಿ ಗುಮಾಸ್ತೆ. ಬೃಂದಾ ಔಷಧಿ ಅಂಗಡಿಯಲ್ಲಿದ್ದಾಳೆ. ಪ್ರಿಯಾಂಕ ಕಂಪ್ಯೂಟರ್ ಆಪರೇಟರ್, ನಮ್ಮಲ್ಲಿ ಚಿಕ್ಕವಳು. ಪುಟ್ಟಮಾದಮ್ಮ ಎಲ್ಲರಿಗಿಂತ ಹಿರಿಯಳು, ಒಂದು ಹಾಸ್ಟೆಲಿನಲ್ಲಿ ದಿನಗೂಲಿ ಅಡುಗೆಯವಳು. ವರ್ಷಗಟ್ಟಲೆ ಬಸ್ಸಿನ ಕಿಟಕಿಯಲ್ಲಿ ಅದೇ ಹೊಲ, ಅದೇ ಗುಡ್ಡ ನೋಡಿ ಸಾಕಾಗಿ, ಒಂದು ದಿನವಾದರೂ ಬೇರೆ ಊರಿನ ಬಸ್ಸು ಹತ್ತಬೇಕು ಎಂದು ನಿಶ್ಚಯಿಸಿದೆವು. ಗಂಡಂದಿರನ್ನು ಬಿಟ್ಟು, ಮಕ್ಕಳನ್ನು ಅತ್ತೆಯರಿಗೆ ಒಪ್ಪಿಸಿ, ಹುಳಿಯನ್ನ ಕಟ್ಟಿಕೊಂಡು ಹೊರಟೆವು. ನಾಲ್ಕು ಹೆಂಗಸರು ಹೀಗೆ ಹೊರಡುವುದಕ್ಕೆ ಎಷ್ಟು ಜನರ ಅಪ್ಪಣೆ ಬೇಕೆಂಬುದು ನಿಮಗೆ ಗೊತ್ತಿರಲಾರದು. ನಿಮ್ಮ ಕೋಟೆಯನ್ನು ಹಿಂದೆ ಮುತ್ತಿದ ದಂಡಿಗೂ ಅಷ್ಟು ತಯಾರಿ ಇದ್ದಿರಲಿಕ್ಕಿಲ್ಲ.

ಪುಟ್ಟಮಾದಮ್ಮನಿಗೆ ಒಂದು ಪದ್ಧತಿಯಿದೆ. ಅವಳ ತಾಯಿಗೂ ಇತ್ತಂತೆ. ಹೊಸ ಅರಿಶಿನ ಮನೆಗೆ ಬಂದರೆ ಮೊದಲ ಚಿಟಿಕೆ ಸಾರಿಗೆ ಬೀಳುವಂತಿಲ್ಲ, ಹೊಸಿಲಿಗೆ ಹೋಗಬೇಕು. ತನ್ನ ಮನೆಯದಕ್ಕೆ ಮಾತ್ರವಲ್ಲ, ಹೊಸ ಅರಿಶಿನ ಕೈಯಲ್ಲಿರುವಾಗ ಮೊದಲ ಬಾರಿ ದಾಟುವ ಯಾವ ಬಾಗಿಲಿಗಾದರೂ ಸರಿ. ಆ ದಿನ ಪ್ರಿಯಾಂಕಳ ಚೀಲದಲ್ಲಿ ಅವಳ ತವರು ಭೀಮನಬೀಡಿನ ಹೊಲದ ಹೊಸ ಅರಿಶಿನ ಇತ್ತು. ಆಗ ತಾನೇ ಪುಡಿ ಮಾಡಿಸಿದ್ದು, ನಮಗೆಲ್ಲ ಹಂಚಲು ತಂದದ್ದು. ನಿಮ್ಮ ಹೆಬ್ಬಾಗಿಲ ಮುಂದೆ ನಿಂತಾಗ ಪುಟ್ಟಮಾದಮ್ಮ ಕತ್ತೆತ್ತಿ ನೋಡಿ ಬಾಯಿ ಬಿಟ್ಟಳು.

"ಅಮ್ಮಯ್ಯ, ಇಷ್ಟು ದೊಡ್ಡ ಬಾಗ್ಲು! ಇದ್ರೊಳಗ ಊರೇ ಅದೆ ಅಂದ್ಮೇಲೆ ಇದು ಊರಿನ್ ಹೊಸಿಲು ಕಣಮ್ಮಿ. ಸುಮ್ಕೆ ದಾಟ್ಬುಟ್ಟು ಓಗದಾ?"

"ಯಾರಾರ ಏನಾರ ಅಂದ್ರೆ?" ಎಂದು ಬೃಂದಾ ಕೇಳಿದಳು.

"ಅರಿಸ್ನ ಇಕ್ಕುದ್ರೆ ಯಾರೇನ್ ಅಂದಾರು? ಇಕ್ಕುಟ್ಟು ಓಗನ ಬಾ."

ಯಾರು ಏನೆಂದಾರು ಎಂಬುದು ನಮಗೆ ಆಗ ಗೊತ್ತಿರಲಿಲ್ಲ, ಸ್ವಾಮಿ. ಬೃಂದಾ ಬಾಟಲಿಯಿಂದ ನೀರು ಹಾಕಿದಳು, ಪ್ರಿಯಾಂಕ ಊಟದ ಡಬ್ಬಿಯ ಮುಚ್ಚಳದಲ್ಲಿ ಕಲಸಿದಳು, ಪುಟ್ಟಮಾದಮ್ಮ ಎಡಗಡೆಯಿಂದ, ನಾನು ಬಲಗಡೆಯಿಂದ ಹಚ್ಚುತ್ತಾ ಬಂದೆವು. ಹಳದಿ ಪಟ್ಟೆ ಚೆನ್ನಾಗಿ ಬಂತು. ಆದರೆ ನಾನು ಹಚ್ಚಿದ ಬಲಮೂಲೆ ನೋಡನೋಡುತ್ತಿದ್ದಂತೆ ಕೆಂಪೇರಿತು. ರಕ್ತ ಚೆಲ್ಲಿದ ಹಾಗೆ ಕಂಡು ಪ್ರಿಯಾಂಕ ಕೈ ಹಿಂದಕ್ಕೆ ಎಳೆದುಕೊಂಡಳು. ಪುಟ್ಟಮಾದಮ್ಮ ಮಾತ್ರ ಬಗ್ಗಿ ಉಗುರಿನಿಂದ ಕೆರೆದು ನಕ್ಕುಬಿಟ್ಟಳು. ಆ ಮೂಲೆ ಕಲ್ಲೇ ಅಲ್ಲ, ಸಿಮೆಂಟು! ಈಚೆಗೆ ಮೆತ್ತಿ, ಮೇಲೆ ಕಲ್ಲಿನ ಬಣ್ಣದ ಸುಣ್ಣ ಬಳಿದದ್ದು. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ. ಆರತಿ ತಟ್ಟೆಗೆ ಓಕುಳಿ ಕದಡಿದ ಯಾವ ಮನೆಯಲ್ಲಾದರೂ ಕೇಳಿ ನೋಡಿ. ನಿಮ್ಮ ಮನೆಯಲ್ಲಿ ಕೇಳಿದರೂ ಸಾಕು.

ಅಷ್ಟರಲ್ಲಿ ನಿಮ್ಮ ಕಾವಲುಗಾರ ಓಡಿ ಬಂದ. "ಯಾರಮ್ಮ ಪೇಂಟ್ ಬಳ್ದೋರು?"

"ಪೇಂಟಲ್ಲ ಕಣಪ್ಪ, ಅರಿಸ್ನ. ಬೇಕಾರೆ ಮೂಸ್ ನೋಡು" ಎಂದಳು ಪುಟ್ಟಮಾದಮ್ಮ.

"ಅರಿಸ್ನ ಎಲ್ಲಾರ ಕೆಂಪಗಿರ್ತದಾ? ನನ್ ಕಿವಿ ಮೇಲೆ ಹೂ ಮಡಗ್ಬೇಡಿ."

ನಾವು ಕುಡಿಯುವ ನೀರೆಲ್ಲ ಸುರಿದು, ಬೃಂದಾಳ ಸೆರಗಿನಿಂದ ಉಜ್ಜಿದೆವು. ಕಲ್ಲಿನದು ಮಾಸಿತು, ನಿಮ್ಮ ಸಿಮೆಂಟಿನದು ಇನ್ನಷ್ಟು ಹರಡಿತು. ಕಾವಲುಗಾರ ಕೆಟ್ಟವನೇನಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡು, "ಮೇಲ್ನೋರು ಕೇಳ್ತಾರೆ, ಒಂದ್ ಹೆಸ್ರು ಕೊಟ್ಟೋಗಿ" ಅಂದ. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಮಾದಮ್ಮ ತನ್ನ ಹೆಸರು, ಊರು ಹೇಳಿಬಿಟ್ಟಳು. ನಮ್ಮ ಕಡೆ ತಿರುಗಿ, "ನಡೀರಮ್ಮಿ, ಒಂದ್ ಹೆಸ್ರಿಗೆ ಏನಾದದು ಬುಡು" ಅಂದಳು. ನಾವೂ ಬಿಟ್ಟೆವು. ಬುರುಜು ಹತ್ತಿದೆವು, ಕಂದಕ ನೋಡಿದೆವು, ಹುಳಿಯನ್ನ ತಿಂದೆವು. ಅಷ್ಟು ನಕ್ಕ ದಿನ ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಕೋಟೆಯೊಳಗಿನ ಬೀದಿಯಲ್ಲಿ ನಮ್ಮನ್ನು ಕರೆದು ಮಜ್ಜಿಗೆ ಕೊಟ್ಟವರು ಮಂಚಮ್ಮ ಎಂಬ ಮುದುಕಿ. ನಡೆದದ್ದನ್ನು ಕೇಳಿ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಓದ್ವರ್ಸ ಉತ್ಸವುಕ್ಕೆ ಸ್ಟೇಜಿನ್ ಸಾಮಾನ್ ಲಾರಿ ಒಳಿಕ್ಕೆ ಬರ್ನಿಲ್ಲ ಅಂತ ಆ ಹೊಸಿಲ್ ಮೂಲೆ ಒಡ್ದಾಕುದ್ರು ಕಣವ್ವ. ಆಮೇಲೆ ಸಿಮೆಂಟ್ ಮೆತ್ತುದ್ರು. ಆಗ ಯಾರ್ ಮೇಲೂ ಕೇಸಾಗ್ನಿಲ್ಲ."

ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ಗಾದೆಯನ್ನು ನಾನು ಶಾಲೆಯಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ನಿಮ್ಮ ಕೋಟೆಯಲ್ಲಿ. ಶತಮಾನಗಳಿಂದ ದಂಡು ದಾಳಿಗೆ ಮುಕ್ಕಾಗದೆ ನಿಂತ ಕಲ್ಲು ಒಂದು ಸಂಜೆಯ ಹಾಡು ಕುಣಿತಕ್ಕಾಗಿ ಒಡೆಯಿತು. "ಸ್ಮಾರಕವನ್ನು ಹಾಳುಮಾಡಬೇಡಿ" ಎಂಬ ನಿಮ್ಮ ಫಲಕ ಎಲ್ಲಿದೆ ಗೊತ್ತೇ? ಅದೇ ಬಾಗಿಲ ಮೇಲೆ ಕೆತ್ತಿದ ಕಲ್ಲಿನ ಆನೆಯ ಸೊಂಡಿಲಿಗೆ ಡ್ರಿಲ್ ಹೊಡೆದು, ಬೋಲ್ಟು ಹಾಕಿ, ಅದಕ್ಕೆ ತೂಗುಹಾಕಿದ್ದೀರಿ. ಆ ಆನೆ ಯಾವ ಠಾಣೆಗೆ ಹೋಗಿ ದೂರು ಕೊಡಬೇಕು? ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣವನ್ನು ತೋರಿಸುವ ಈ ಧೈರ್ಯಕ್ಕೆ ಸರ್ಕಾರ ಪ್ರತ್ಯೇಕ ಭತ್ಯೆ ಕೊಡುತ್ತದೆಯೇ?

ನ್ಯಾಯವಾಗಿ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಹಳೆಯ ಕಲ್ಲಿಗೆ ಏನನ್ನೂ ಹಚ್ಚಬಾರದು ಎಂಬ ನಿಯಮ ಸರಿಯಾದದ್ದೇ. ಬಂದವರೆಲ್ಲ ಅರಿಶಿನ, ಎಣ್ಣೆ, ಕುಂಕುಮ ಸುರಿಯುತ್ತಾ ಹೋದರೆ ಕಲ್ಲು ಉಳಿಯುವುದಿಲ್ಲ. ನೀವು ನಮ್ಮನ್ನು ಬೈಯಬಹುದಿತ್ತು, ನಿಲ್ಲಿಸಿ ತೊಳೆಸಬಹುದಿತ್ತು, ಬುದ್ಧಿ ಹೇಳಬಹುದಿತ್ತು. ನಾವು ತಲೆ ತಗ್ಗಿಸಿ ಕೇಳುತ್ತಿದ್ದೆವು. ನೀವು ಮಾಡಿದ್ದು ಬೇರೆ. ಸ್ಥಳಕ್ಕೆ ಬಾರದೆ, ಫೋಟೋದಲ್ಲಿ ಕೆಂಪು ಕಂಡ ಕೂಡಲೇ ದೂರು ಬರೆದಿರಿ. ಬಟ್ಟೆಗೆ ಅರಿಶಿನದ ಕಲೆಯಾದರೆ ನಾವು ಬಿಸಿಲಿಗೆ ಹರವುತ್ತೇವೆ, ಬಿಸಿಲೇ ಅದನ್ನು ತಿನ್ನುತ್ತದೆ. ಕೆಲವು ವಾರ ಕಳೆದು ಪ್ರಿಯಾಂಕ ಹೋಗಿ ನೋಡಿ ಬಂದಿದ್ದಾಳೆ. ಹಳದಿಯೂ ಇಲ್ಲ, ಕೆಂಪೂ ಇಲ್ಲ. ಸಿಮೆಂಟು ಇದೆ.

ಕಲ್ಲಿನ ಕಲೆ ಹೋಯಿತು, ಪುಟ್ಟಮಾದಮ್ಮನ ಮೇಲಿನದು ಹೋಗಲಿಲ್ಲ. ಎಷ್ಟೋ ವರ್ಷ ದಿನಗೂಲಿಯಲ್ಲಿ ನೂರಾರು ಮಕ್ಕಳಿಗೆ ಅನ್ನ ಬೇಯಿಸಿದವಳ ಕೆಲಸ ಈ ವರ್ಷ ಕಾಯಂ ಆಗುವುದರಲ್ಲಿತ್ತು. ಅದಕ್ಕೆ ಪೊಲೀಸರಿಂದ ನಡತೆಯ ಪ್ರಮಾಣಪತ್ರ ಬೇಕು. ಠಾಣೆಯಲ್ಲಿ ಅವಳ ಹೆಸರು ಕೇಳಿದ ಕೂಡಲೇ "ಕೇಸಿದೆ" ಎಂದರು. ಹಾಸ್ಟೆಲಿನವರು ಇದೇ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ, ಆಮೇಲೆ ಆ ಜಾಗಕ್ಕೆ ಬೇರೆಯವರು. ಮೊನ್ನೆ ಬಸ್ಸಿನಲ್ಲಿ ಪಕ್ಕ ಕೂತು ನನ್ನನ್ನು ಕೇಳಿದಳು: "ಸುಧಮ್ಮ, ನಾನು ಕಳ್ತನ ಮಾಡ್ನಾ? ಯಾರ್ ಮನೇನಾರ ಹಾಳ್ ಮಾಡ್ನಾ?" ಬಸ್ಸಿನವರೆಲ್ಲ ತಿರುಗಿ ನೋಡಿದರು. ಉತ್ತರ ಕೊಡಬೇಕಾದವರು ನೀವು, ನೋಡಿಸಿಕೊಂಡವರು ನಾವು.

ನಾವು ಮೂವರೂ ಠಾಣೆಗೆ ಹೋಗಿ, ಅರಿಶಿನ ಹಚ್ಚಿದ್ದು ನಾಲ್ವರೂ ಸೇರಿ, ಕೆಂಪಾದ ಮೂಲೆಗೆ ಹಚ್ಚಿದ್ದಂತೂ ನಾನು ಎಂದು ಹೇಳಿದೆವು. ಅಲ್ಲಿದ್ದವರು ನಕ್ಕು, "ದೂರಲ್ಲಿ ಒಂದೇ ಹೆಸ್ರಿರೋದು, ನೀವ್ ಮನೆಗೋಗಿ" ಅಂದರು. ತಪ್ಪು ಒಪ್ಪಿಕೊಳ್ಳಲು ಹೋದವರನ್ನು ವಾಪಸು ಕಳಿಸುವ ವ್ಯವಸ್ಥೆ, ಒಪ್ಪಿಕೊಂಡ ಒಬ್ಬಳನ್ನು ಮಾತ್ರ ಬಿಡುವುದಿಲ್ಲವಲ್ಲ, ಇದು ಯಾವ ಊರಿನ ನ್ಯಾಯ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ತಿಂಗಳು ಮುಗಿಯುವುದರೊಳಗೆ ಹೆಬ್ಬಾಗಿಲ ತನಕ ನಡೆದು ಬನ್ನಿ. ಹೊಸಿಲಿನ ಬಲಮೂಲೆಯನ್ನು ಉಗುರಿನಿಂದ ಕೆರೆದು ನೋಡಿ. ಆಮೇಲೆ ದೂರನ್ನು ಹಿಂದಕ್ಕೆ ಪಡೆಯಿರಿ. ಅದಾಗದು ಎನ್ನುವಿರಾದರೆ ದೂರನ್ನು ಪೂರ್ತಿ ಮಾಡಿ: ನಮ್ಮ ಮೂವರ ಹೆಸರನ್ನೂ ಸೇರಿಸಿ, ಕಲ್ಲು ಒಡೆಸಿದವರ ಹೆಸರನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಆಗ ನಾವೆಲ್ಲರೂ ಒಟ್ಟಿಗೆ ಕಟಕಟೆಯಲ್ಲಿ ನಿಲ್ಲೋಣ. ನಿಮಗೂ ಅಲ್ಲಿ ಜಾಗ ಬಿಡುತ್ತೇವೆ. ನಾಲ್ಕು ಜನರ ಕೈ ಮಾಡಿದ್ದಕ್ಕೆ ಒಬ್ಬಳ ಕೈಯ ಅನ್ನವನ್ನು ಕಿತ್ತುಕೊಳ್ಳಬೇಡಿ.

ಇಂತಿ,
ನಿಮ್ಮ ದೂರಿನಲ್ಲಿ ಹೆಸರು ಬಿಟ್ಟುಹೋದ ಆರೋಪಿ,
ಸುಧಾಮಣಿ, ಹರವೆ
(ಬಿಟ್ಟುಹೋದ ಇನ್ನಿಬ್ಬರು: ಬೃಂದಾ, ಪ್ರಿಯಾಂಕ. ಬೆಳಗಿನ ಬಸ್ಸಿನಲ್ಲಿ ಮೂವರೂ ಸಿಗುತ್ತೇವೆ.)