ಮಾವನ ಕಾಲಿನ ಗುಳಿ

11-3-2009, ಬುಧವಾರ. ಜವನಗೊಂಡನಹಳ್ಳಿ

ದುರ್ಗದ ಡಾಕ್ಟರ್ ಹೇಳಿದ್ದು ತಲೆಯಿಂದ ಹೋಗುತ್ತಿಲ್ಲ. ಮಾವನ ಕಣ್ಣಿಗೆ ಚುಚ್ಚಿದ ಔಷಧಿ ಕಣ್ಣಲ್ಲೇ ನಿಲ್ಲುವುದಿಲ್ಲವಂತೆ, ಸ್ವಲ್ಪ ರಕ್ತಕ್ಕೂ ಇಳಿಯುತ್ತದಂತೆ. ಸಕ್ಕರೆ ಕಾಯಿಲೆಯಿಂದ ಮೊದಲೇ ಸೋತಿದ್ದ ಮಾವನ ಕಿಡ್ನಿ ಕೆಡಲು ಅಷ್ಟೇ ಸಾಕಾಗಿರಬಹುದಂತೆ. ಇನ್ನು ಇಂಜೆಕ್ಷನ್ ಬೇಡ ಎಂದರು. ಹಾಗಾದರೆ ಕಣ್ಣು?

ಎಂಥ ಮೂರ್ಖರು ನಾವು! ಇಂಜೆಕ್ಷನ್ ಶುರುವಾದ ಮೇಲೆ ಮಾವನ ಮುಖ ಊದಿಕೊಂಡಾಗ ಊರೆಲ್ಲ "ಹಾಲಸ್ವಾಮಣ್ಣ ಮೈಕೈ ತುಂಬ್ಕಂಡೈದಾನೆ" ಅಂದಿತು. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ, ದೃಷ್ಟಿ ಬಹಳ ತಾಗಿತ್ತು ಎಂದರು. ನಾನು ಖುಷಿಯಿಂದ ಇನ್ನೊಂದು ಮುದ್ದೆ ಬಡಿಸಿದೆ.

ಇವತ್ತು ಬಸ್ಸಿಳಿದು ಬಂದ ಮಾವ ಜಗಲಿಯಲ್ಲಿ ಕುಳಿತು, ಸಂತೆಯಲ್ಲಿ ಕುರಿಯ ಬೆನ್ನು ಅಮುಕಿ ನೋಡುವ ಹಾಗೆ ತಮ್ಮ ಪಾದವನ್ನೇ ಹೆಬ್ಬೆರಳಿನಿಂದ ಒತ್ತಿದರು.

"ಮಾಂಸ ಅಲ್ಲ ಸುಮಾ, ಇದು ನೀರು. ಇಂಥ ಕುರೀನ ನಾನಾದ್ರೆ ಕೊಳ್ಳಾಕಿಲ್ಲ."

"ಸುಮ್ಕಿರ್ರಿ ಮಾವ, ಒಳಗ್ ಬರ್ರಿ" ಎಂದೆ.

ಅವರು ಏಳಲಿಲ್ಲ. ಒತ್ತಿದ ಕಡೆ ಗುಳಿ ಹಾಗೇ ಉಳಿದಿತ್ತು. ಅದು ತುಂಬುವವರೆಗೂ ತಲೆ ಬಗ್ಗಿಸಿ ನೋಡುತ್ತಲೇ ಇದ್ದರು. ಇಂಜೆಕ್ಷನ್ನಿಗೆ ಮೊದಲು ತಟ್ಟೆಯಲ್ಲಿದ್ದ ಅನ್ನವೂ ಕಾಣದಿದ್ದ ಕಣ್ಣು ಅದು. ಈಗ ಆ ಗುಳಿ ಕಾಣುವಷ್ಟು ಚೆನ್ನಾಗಿದೆ.